ಯಾರ ದುಡ್ಡಿನಲ್ಲಿ ಪರದೇಶ?

ಮುಧೋಳ ತಾಲೂಕಿನಲ್ಲಿ ಹತ್ತು ಎಕರೆ ನೀರಾವರಿ ಹೊಲ ಇದ್ದವನನ್ನು ಊರು ಸಾಹುಕಾರ ಎನ್ನುತ್ತದೆ. ಅದೇ ಮನುಷ್ಯ ಮಗಳನ್ನೋ ಮಗನನ್ನೋ ಹೊರದೇಶಕ್ಕೆ ಓದಲು ಕಳಿಸಬೇಕೆಂದು ಬ್ಯಾಂಕಿಗೆ ಹೋದರೆ, ಅಲ್ಲಿ ಅವನು ಆಧಾರವಿಲ್ಲದವನು. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿತೆಂದರೆ ಸಾಮಾನ್ಯವಾಗಿ ಬ್ಯಾಂಕು ಆಸ್ತಿಯ ಆಧಾರ ಕೇಳುತ್ತದೆ. ಹೊಲದ ಉತಾರ ಮುಂದಿಟ್ಟರೆ ಮ್ಯಾನೇಜರು ತಲೆ ಅಲ್ಲಾಡಿಸುತ್ತಾರೆ. ಸಾಲ ವಸೂಲಿಗೆಂದು 2002ರಲ್ಲಿ ಬಂದ ಸರ್ಫೇಸಿ ಕಾಯ್ದೆ ಕೃಷಿ ಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಕೋರ್ಟಿಗೆ ಅಲೆಯದೆ ಜಪ್ತಿ ಮಾಡಲಾಗದ ಆಸ್ತಿಯನ್ನು ಬಹುತೇಕ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಒಪ್ಪುವುದಿಲ್ಲ. ಎನ್‌ಎ ಪ್ಲಾಟು ಇದೆಯೇ, ಪಟ್ಟಣದಲ್ಲಿ ಮನೆ ಇದೆಯೇ ಎಂದು ಕೇಳುತ್ತವೆ. ಬನಹಟ್ಟಿಯ ನೇಕಾರನಿಗೆ ಮನೆಯೇನೋ ಇರುತ್ತದೆ. ಅದರಲ್ಲಿ ಮುಂದೆ ಮಗ್ಗ, ಹಿಂದೆ ಒಲೆ, ಕಾಗದದ ಮೇಲೆ ಇನ್ನೂ ಅಜ್ಜನ ಹೆಸರು. ಅಣ್ಣತಮ್ಮಂದಿರೆಲ್ಲ ಸಹಿ ಹಾಕಿದ ಹೊರತು ಆ ಕಾಗದಕ್ಕೂ ಬೆಲೆಯಿಲ್ಲ.

ರೈತನ ಹೊಲವನ್ನು ಸಾಲ ಕೊಟ್ಟವರಿಂದ ಕಾಯಲು ಇಟ್ಟ ಈ ಬೇಲಿ ಒಳ್ಳೆಯದೇ. ಆದರೆ ಶಿಕ್ಷಣ ಸಾಲಕ್ಕೆ ಒತ್ತೆ ಇಡಲಾಗದ ಹೊಲವನ್ನು ಮಾರುವುದಕ್ಕೆ ಹೆಚ್ಚಿನ ಅಡ್ಡಿ ಇಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ರೈತನಲ್ಲದವನೂ ಕೊಳ್ಳಬಹುದು. ಹೀಗಾಗಿ ಮನೆಯೊಳಗಿನ ಲೆಕ್ಕ ಬೇಗ ಒಂದು ಕಡೆ ವಾಲುತ್ತದೆ: ಎರಡು ಎಕರೆ ಕೊಟ್ಟುಬಿಡೋಣ, ಹುಡುಗ ಹೋಗಿ ಬರಲಿ. ಇಂಗ್ಲೆಂಡಿನ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಫೀ, ಬಾಡಿಗೆ, ಊಟ ಎಲ್ಲ ಸೇರಿ ಮೂವತ್ತು ಲಕ್ಷ ಸಲೀಸಾಗಿ ದಾಟುತ್ತದೆ. 2025ರ ನವೆಂಬರ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರೈತರು ರಸ್ತೆಗಿಳಿದು ಹೋರಾಡಿದ ಮೇಲೆ ಸರ್ಕಾರ ನಿಗದಿ ಮಾಡಿದ ಕಬ್ಬಿನ ದರ ಟನ್ನಿಗೆ 3,300 ರೂಪಾಯಿ. ಎಕರೆಗೆ ನಲವತ್ತು ಟನ್ ಬಂತೆನ್ನಿ, 1 ಲಕ್ಷ 32 ಸಾವಿರ. ಗೊಬ್ಬರ, ಬೀಜ, ಆಳಿನ ಕೂಲಿ ಯಾವುದನ್ನೂ ಕಳೆಯದೆ, ಇಪ್ಪತ್ಮೂರು ಎಕರೆಯ ಒಂದು ವರ್ಷದ ಬಿಲ್ಲು ಒಬ್ಬ ಹುಡುಗನ ಒಂದು ವರ್ಷದ ಓದಿಗೆ ಹೋಗುತ್ತದೆ.

ಬೀಳಗಿ ತಾಲೂಕಿನ ಕಥೆ ಬೇರೆ. ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕಾಗಿ ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವಾಗ ಮುಳುಗುವ ಹೊಲಗಳಿಗೆ, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ತೀರ್ಮಾನಿಸಿತು. ಆ ಹಣ ಕೈಸೇರುವ ದಿನ ಹಿಂದೆಯೇ ಯಾರು ಯಾರು ಬಾಗಿಲು ತಟ್ಟುತ್ತಾರೆಂದು ಊಹಿಸುವುದು ಕಷ್ಟವಲ್ಲ. ಪ್ಲಾಟು ಮಾರುವವರು, ಕಾರು ಮಾರುವವರು, ಅವರ ಜೊತೆಗೇ ವಿದೇಶಿ ಸೀಟು ಮಾರುವವರು.

ಕಾಲೇಜು ದಿನಗಳಲ್ಲಿ ಹೊರದೇಶಕ್ಕೆ ಹೋಗಿ ಓದುವುದು ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆ ಸಾಮಾನ್ಯವಾಗಿ ದೇಶ, ವಿಶ್ವವಿದ್ಯಾಲಯ, ಕೋರ್ಸು, ಸಂಬಳ ಇವುಗಳ ಸುತ್ತ ತಿರುಗುತ್ತದೆ. ನನ್ನ ವಾದ ಬೇರೆ. ಯಾರ ದುಡ್ಡಿನಲ್ಲಿ ಹೋದರು ಎಂಬುದು, ಅಲ್ಲಿ ಏನು ಓದುತ್ತಾರೆ ಮತ್ತು ಓದಿ ಏನಾಗುತ್ತಾರೆ ಎಂಬುದನ್ನು ಬಹಳ ಮಟ್ಟಿಗೆ ಮೊದಲೇ ನಿರ್ಧರಿಸಿಬಿಡುತ್ತದೆ. ಇದಕ್ಕೆ ನಮ್ಮ ಸೀಮೆಯ ಚರಿತ್ರೆಯಲ್ಲೇ ಸಾಕಷ್ಟು ಸಾಕ್ಷಿ ಇದೆ.

ಜಮಖಂಡಿಯವರಿಗೆ ಮೊದಲ ಪರದೇಶವೆಂದರೆ ಪುಣೆ. ಜಮಖಂಡಿ ಪಟವರ್ಧನರ ಸಂಸ್ಥಾನ, ಸಾಂಗ್ಲಿಯೂ ಅದೇ ಮನೆತನದ್ದು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ಮೆಟ್ರಿಕ್ ಮುಗಿಸಿದ ಹುಡುಗ ಭಾಷೆ, ಊಟ, ಗೆಳೆತನ ಎಲ್ಲ ಬದಲಿಸಿಕೊಂಡು ಪುಣೆಯಂಥ ದೂರದ ಊರಿಗೆ ಹೋಗಬೇಕಿತ್ತು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ಅಲ್ಲಿಯ ಪರಶುರಾಮ ಭಾವೂ ಹೈಸ್ಕೂಲಿನಲ್ಲಿ ಓದಿದ ರಾಮಚಂದ್ರ ದತ್ತಾತ್ರೇಯ ರಾನಡೆ ಹೋದದ್ದು ಹಾಗೆಯೇ, ಡೆಕ್ಕನ್ ಕಾಲೇಜಿಗೆ. ಅವರು ಯುರೋಪಿಗೆ ಓದಲು ಹೋಗಲಿಲ್ಲ. ಗ್ರೀಕ್ ತತ್ವಜ್ಞಾನವನ್ನು ಪುಣೆಯಲ್ಲೇ ಕೂತು ಓದಿ ಬರೆದರು. ಉಪನಿಷತ್ತುಗಳ ಮೇಲೆ 1926ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರ ಗ್ರಂಥವನ್ನು ಹೊರದೇಶದವರು ಓದಿದರು. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದರು, ನಿಂಬಾಳದಲ್ಲಿ ದೇಹ ಬಿಟ್ಟರು. ಹಡಗು ಹತ್ತದೆಯೂ ವಿದ್ವತ್ತು ಬರುತ್ತದೆ ಎನ್ನುವವರಿಗೆ ರಾನಡೆ ಒಳ್ಳೆಯ ಉದಾಹರಣೆ. ಆದರೆ ಅದೇ ಉದಾಹರಣೆ ಇನ್ನೊಂದು ಮಾತನ್ನೂ ಹೇಳುತ್ತದೆ: ಜಮಖಂಡಿಯಲ್ಲೇ ಉಳಿದಿದ್ದರೆ ರಾನಡೆ ಆಗುತ್ತಿರಲಿಲ್ಲ. ಊರು ಬಿಡಬೇಕಿತ್ತು. ಎಷ್ಟು ದೂರ ಎಂಬುದು ಆಯಾ ಕಾಲದ ಪ್ರಶ್ನೆ.

ಹಡಗು ಹತ್ತಿದವರೂ ಇದ್ದರು. ಪಕ್ಕದ ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ರ್‍ಯಾಂಗ್ಲರ್ ಆದರು. ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದು, ಮುಂದೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ, ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಆ ವಿಶ್ವವಿದ್ಯಾಲಯವನ್ನು ಕಟ್ಟಿದರು. ಜಮಖಂಡಿ, ಬನಹಟ್ಟಿ, ಮುಧೋಳಗಳಲ್ಲಿ ಇಂದು ಐವತ್ತು ದಾಟಿದ ಪದವೀಧರರ ಮನೆಯ ಗೋಡೆಯ ಮೇಲಿರುವ ಪ್ರಮಾಣಪತ್ರ ಆ ವಿಶ್ವವಿದ್ಯಾಲಯದ್ದು. ಒಬ್ಬ ಹಳ್ಳಿಯ ಹುಡುಗನ ಕೇಂಬ್ರಿಜ್ ಓದು ಎಷ್ಟು ಮನೆ ಮುಟ್ಟಿತೆಂಬುದನ್ನು ಅಳೆಯಬೇಕೆಂದರೆ ಆ ಗೋಡೆಗಳನ್ನು ಎಣಿಸಬೇಕು. ಅವರ ಹೆಸರಿನ ಪ್ರತಿಷ್ಠಾನದ ಫೆಲೋಶಿಪ್ ಇವತ್ತಿಗೂ ಧಾರವಾಡದ ಕಡೆಯ ಯುವ ವಿದ್ವಾಂಸರನ್ನು ಅದೇ ಕೇಂಬ್ರಿಜ್‌ಗೆ ಕಳಿಸುತ್ತದೆ.

ವಿ.ಕೃ. ಗೋಕಾಕರು ಸವಣೂರಿನವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರನ್ನು 1936ರಲ್ಲಿ ಆಕ್ಸ್‌ಫರ್ಡ್‌ಗೆ ಕಳಿಸಿದ್ದು ಡೆಕ್ಕನ್ ಎಜುಕೇಶನ್ ಸೊಸೈಟಿ. ಅಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಮೊದಲ ದರ್ಜೆ ಪಡೆದು 1938ರಲ್ಲಿ ಬಂದವರು ಕಳಿಸಿದ ಸಂಸ್ಥೆಯದೇ ಆದ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾದರು. ಕನ್ನಡಕ್ಕೆ ಸಿಕ್ಕಿದ್ದು ‘ಸಮುದ್ರ ಗೀತೆಗಳು’. ಶಿ.ಚೆ. ನಂದೀಮಠ ಲಂಡನ್ನಿಗೆ ಹೋಗಿ ಸಂಶೋಧನೆ ಮಾಡಿದ ವಿಷಯ ವೀರಶೈವ ಧರ್ಮ. ಮನೆಯ ಜಗಲಿಯ ಮೇಲೆ ಇದ್ದದ್ದನ್ನು ಓದಲು ಲಂಡನ್ನಿಗೇಕೆ ಹೋಗಬೇಕು ಎಂದು ಆಗ ಯಾರಾದರೂ ನಕ್ಕಿರಬಹುದು. ಆದರೆ ಮಠದ ಪರಂಪರೆಯಲ್ಲಿ ಯಾರೂ ಕೇಳದ ಪ್ರಶ್ನೆಗಳನ್ನು, ಕಾಲ ಯಾವುದು, ಆಧಾರ ಯಾವುದು, ಯಾವ ಗ್ರಂಥ ಯಾವುದಕ್ಕೆ ಋಣಿ ಎಂಬುದನ್ನು, ಕೇಳುವ ಅಭ್ಯಾಸ ಅಲ್ಲಿತ್ತು. ಆ ಪ್ರಬಂಧವೇ 1942ರಲ್ಲಿ ಪುಸ್ತಕವಾಯಿತು. ಅವರೂ ಬೆಳಗಾವಿಗೆ ಬಂದು ಲಿಂಗರಾಜ ಕಾಲೇಜಿನ ಪ್ರಾಚಾರ್ಯರಾದರು.

ಇವರನ್ನೆಲ್ಲ ದೇಶಭಕ್ತಿಯ ಚೌಕಟ್ಟಿನಲ್ಲಿ ಕೂರಿಸಿ, ಇಂದಿನ ಹುಡುಗರಿಗೆ ಬೈಯುವುದು ಸುಲಭ. ಆಗಿನವರು ತಿರುಗಿ ಬಂದರು, ಈಗಿನವರು ಬರುವುದಿಲ್ಲ ಎಂದು. ಅದು ಅನ್ಯಾಯದ ಮಾತು. ಆಗ ಕಳಿಸಿದ ಹಣದ ಹಿಂದೆ ಒಂದು ಸಂಸ್ಥೆ ಇತ್ತು, ತಿರುಗಿ ಬಂದರೆ ಕೂರಲು ಒಂದು ಕುರ್ಚಿ ಇತ್ತು. ಗೋಕಾಕರಿಗೆ ಹಿಂದಿರುಗುವ ಹಡಗು ಹತ್ತುವಾಗ ತಿಂಗಳ ಕಂತಿನ ಚಿಂತೆ ಇರಲಿಲ್ಲ. ಇವತ್ತಿನ ಹುಡುಗನ ಹಿಂದೆ ಇರುವುದು ಬ್ಯಾಂಕು. ಮೂವತ್ತು ಲಕ್ಷ ಸಾಲ, ಹನ್ನೊಂದು ಪರ್ಸೆಂಟ್ ಬಡ್ಡಿ, ಹತ್ತು ವರ್ಷ ಎಂದರೆ ತಿಂಗಳಿಗೆ 41 ಸಾವಿರ ಕಟ್ಟಬೇಕು. ಓದುವ ಕಾಲದ ಬಡ್ಡಿಯನ್ನೂ ಅಸಲಿಗೆ ಸೇರಿಸಿದರೆ ಇನ್ನೂ ಹೆಚ್ಚು. ಬಾಗಲಕೋಟೆ ಜಿಲ್ಲೆಯಲ್ಲಿ ಈಗ ತಾನೇ ಕೆಲಸಕ್ಕೆ ಸೇರಿದ ಯಾವ ಇಂಜಿನಿಯರನ ಸಂಬಳದಲ್ಲಿ ಉಂಡು ತಿಂದು 41 ಸಾವಿರ ಉಳಿಯುತ್ತದೆ? ಅವನು ಪೌಂಡಿನಲ್ಲೋ ಡಾಲರಿನಲ್ಲೋ ದುಡಿಯಲೇಬೇಕು. ಊರು ನೆನಪಾದರೂ ಬರುವಂತಿಲ್ಲ.

ಸಾಲ ಹತ್ತು ವರ್ಷದ್ದು, ಆ ದೇಶಗಳ ನಿಯಮಗಳು ಮಾತ್ರ ಚುನಾವಣೆಯಿಂದ ಚುನಾವಣೆಗೆ ಬದಲಾಗುವಂಥವು. 2024ರ ಜನವರಿಯಲ್ಲಿ ಕೆನಡಾ ವಿದ್ಯಾರ್ಥಿ ಪರವಾನಗಿಗೆ ಮಿತಿ ಹಾಕಿತು. ಇಂಗ್ಲೆಂಡಿನಲ್ಲಿ ಓದು ಮುಗಿದ ಮೇಲೆ ಕೆಲಸ ಹುಡುಕಲು ಕೊಡುತ್ತಿದ್ದ ಎರಡು ವರ್ಷ, 2027ರಿಂದ ಅರ್ಜಿ ಹಾಕುವವರಿಗೆ ಹದಿನೆಂಟು ತಿಂಗಳಾಗಲಿದೆ. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದಿತು. ಮಗ ವಿಮಾನ ಹತ್ತಿದಾಗ ಇದ್ದ ಲೆಕ್ಕ, ಇಳಿದು ಒಂದು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ತಪ್ಪಿರುತ್ತದೆ.

ಹಾಗಾದರೆ ಋಣದ ಬದಲು ಕರಾರು ಇದ್ದರೆ ಎಲ್ಲ ಸರಿಹೋಗುತ್ತದೆಯೇ? ಅಂಬೇಡ್ಕರರನ್ನು 1913ರಲ್ಲಿ ಕೊಲಂಬಿಯಾಕ್ಕೆ ಕಳಿಸಿದ್ದು ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ. ಹಿಂದಿರುಗಿ ಹತ್ತು ವರ್ಷ ಸಂಸ್ಥಾನದ ನೌಕರಿ ಮಾಡಬೇಕೆಂದು ಕರಾರು. ಅವರು 1917ರಲ್ಲಿ ಕರಾರಿನಂತೆ ಬರೋಡಾಕ್ಕೆ ಬಂದರು. ಇರಲು ಮನೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಇದ್ದವರನ್ನು ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ತಿರುಗಿ ಬರುವುದು ಎಲ್ಲರಿಗೂ ಒಂದೇ ಅನುಭವವಲ್ಲ. ನಮ್ಮ ಸೀಮೆಯ ಯಾವುದೇ ಹಳ್ಳಿಯ ದಲಿತ ಹುಡುಗ ಅಥವಾ ಹುಡುಗಿಗೆ, ಅಡ್ಡಹೆಸರು ಕೇಳಿ ಮನೆ ಬಾಡಿಗೆ ಇಲ್ಲ ಎನ್ನದ ಊರಿನಲ್ಲಿ ಎರಡು ವರ್ಷ ಇರುವುದೇ ಒಂದು ಶಿಕ್ಷಣ. ಅಂಥವರಿಗೆ ತವರಿನ ಋಣದ ಉಪದೇಶ ಮಾಡುವ ಮೊದಲು ತವರು ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ತಿರುಗಿ ಬರಲೇಬೇಕು ಎಂಬುದು ನನ್ನ ವಾದವಲ್ಲ. ಬರುವುದೂ ಬಿಡುವುದೂ ಅವರ ಆಯ್ಕೆಯಾಗಬೇಕು, ಕಂತಿನ ಆಯ್ಕೆಯಾಗಬಾರದು ಎಂಬುದಷ್ಟೇ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ, ರಾಜ್ಯದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ಯೋಜನೆಗೆ 2022ರಲ್ಲಿ ಒಂದು ವಿಚಿತ್ರ ಷರತ್ತು ಸೇರಿತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನ ಈ ವಿಷಯಗಳಿಗೆ ಹಣವಿಲ್ಲ. ಇಲ್ಲೇ ಓದಬಹುದಾದ್ದನ್ನು ಅಲ್ಲಿಗೆ ಹೋಗಿ ಏಕೆ ಓದಬೇಕು ಎಂಬ ತರ್ಕ. ಈ ಷರತ್ತು ಆಗಲೇ ಇದ್ದಿದ್ದರೆ, ಕೊಲಂಬಿಯಾದ ವಿಚಾರಗೋಷ್ಠಿಯಲ್ಲಿ 1916ರಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದ ತರುಣ ಅಂಬೇಡ್ಕರರಿಗೆ ಅರ್ಜಿ ವಾಪಸು ಬರುತ್ತಿತ್ತು. ನಂದೀಮಠರ ವಿಷಯವೂ ಆ ತರ್ಕಕ್ಕೆ ಸಿಕ್ಕಿ ಸೋಲುತ್ತಿತ್ತು. ಹಣ ಕೊಡುವವನು ವಿಷಯವನ್ನೂ ಆರಿಸುತ್ತಾನೆ ಎನ್ನುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ. ಬ್ಯಾಂಕಿನದೂ ಅದೇ ರೀತಿ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಸಾಲ ತೀರಿಸಬೇಕಾದವನು ಮಣ್ಣಿನ ವಿಜ್ಞಾನ ಬಿಟ್ಟು ಡೇಟಾ ಅನಲಿಟಿಕ್ಸ್ ಆರಿಸುತ್ತಾನೆ, ಮನಸ್ಸು ಎಲ್ಲಿದ್ದರೂ.

ಅಲ್ಲಿ ಸಿಗುವುದೇನು ಎಂಬುದನ್ನು ಹೇಳದೆ ಖರ್ಚನ್ನಷ್ಟೇ ಹೇಳಿದರೆ ವಾದ ಕುಂಟುತ್ತದೆ. ಸಿಗುವುದು ಬಹಳ ಇದೆ. ನಮ್ಮ ಡಿಗ್ರಿ ಕಾಲೇಜಿನಲ್ಲಿ ನೋಟ್ಸು ಬಾಯಿಪಾಠ ಮಾಡಿ ಎಪ್ಪತ್ತು ಎಂಬತ್ತು ಮಾರ್ಕು ತೆಗೆದ ಹುಡುಗಿಗೆ, ಮೇಷ್ಟ್ರ ಮಾತು ತಪ್ಪೆಂದು ತರಗತಿಯಲ್ಲಿ ಹೇಳಿದರೆ ಮೇಷ್ಟ್ರಿಗೆ ಖುಷಿಯಾಗುತ್ತದೆ ಎಂಬುದು ಮೊದಲು ನಂಬಲಾಗದ ವಿಷಯ. ಪ್ರಯೋಗಾಲಯದ ಕೀಲಿಕೈ ವಿದ್ಯಾರ್ಥಿಯ ಕೈಯಲ್ಲಿರುತ್ತದೆ. ಕೆಟ್ಟ ಫಲಿತಾಂಶವನ್ನೂ ಬರೆಯಬೇಕು, ಮುಚ್ಚಿಡುವಂತಿಲ್ಲ. ಗ್ರಂಥಾಲಯದ ಪುಸ್ತಕಕ್ಕೆ ಗಾಜಿನ ಬೀರು ಇಲ್ಲ. ಇದೆಲ್ಲ ಸಲಕರಣೆಯ ಮಾತಾದರೆ, ಇನ್ನೊಂದು ಮಾತು ಸ್ವಭಾವದ್ದು. ನೂರಾರು ಟನ್ ಕಬ್ಬು ಕಳಿಸುವ ಮನೆಯ ಮಗ, ಉಂಡ ತಾಟನ್ನು ಎಂದೂ ಎತ್ತದವನು, ಲೆಸ್ಟರಿನಲ್ಲೋ ಮ್ಯೂನಿಕ್‌ನಲ್ಲೋ ಹೋಟೆಲಿನಲ್ಲಿ ವಾರಕ್ಕೆ ಇಪ್ಪತ್ತು ತಾಸು ಎಂಜಲು ತಾಟು ತೊಳೆಯುತ್ತಾನೆ. ಪಕ್ಕದಲ್ಲಿ ತೊಳೆಯುವವನ ಜಾತಿ ಯಾವುದೋ, ದೇಶ ಯಾವುದೋ. ನಾಚಿಕೆಯಿಂದ ಊರಿಗೆ ಹೇಳುವುದಿಲ್ಲ, ಕಾಲ್ ಸೆಂಟರ್ ಎಂದೋ ಲೈಬ್ರರಿ ಎಂದೋ ಸುಳ್ಳು ಹೇಳುತ್ತಾನೆ. ಆ ಸುಳ್ಳನ್ನು ಬಿಟ್ಟ ದಿನ ಅವನ ಓದು ಮುಗಿದಂತೆ.

ಈ ಲಾಭಗಳಲ್ಲಿ ಹೆಚ್ಚಿನವು ಮೊದಲ ಆರು ತಿಂಗಳಲ್ಲೇ ದಕ್ಕುತ್ತವೆ ಎಂಬುದು ನಮ್ಮಲ್ಲಿ ಯಾರೂ ಗಮನಿಸದ ಸಂಗತಿ. ಹೊರದೇಶದ ಓದು ಎಂದರೆ ಪೂರ್ತಿ ಪದವಿ ಎಂದೇ ನಮ್ಮ ಕಲ್ಪನೆ. ಯುರೋಪು ಅಮೆರಿಕದ ಹುಡುಗರು ಮಾಡುವುದು ಬೇರೆ: ತಮ್ಮ ಕಾಲೇಜಿನಲ್ಲೇ ಇದ್ದುಕೊಂಡು ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಓದಿ, ಆ ಕ್ರೆಡಿಟ್ಟುಗಳನ್ನು ತಮ್ಮ ಪದವಿಗೆ ಸೇರಿಸಿಕೊಳ್ಳುತ್ತಾರೆ. ಯುರೋಪಿನ ಎರಾಸ್ಮಸ್ ಯೋಜನೆ 1987ರಿಂದ ನಡೆದಿರುವುದು ಹೀಗೆಯೇ. ನಮ್ಮಲ್ಲೂ ಯುಜಿಸಿ 2021ರಲ್ಲಿ ಕ್ರೆಡಿಟ್ಟುಗಳ ಬ್ಯಾಂಕು ತೆರೆಯಿತು, 2022ರಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಪದವಿ ಕೊಡಲು ನಿಯಮ ಮಾಡಿತು. ನಿಯಮ ಬೆಂಗಳೂರು, ಮಣಿಪಾಲ ತಲುಪಿದೆ. ಜಮಖಂಡಿಯ ಬಿಎಲ್‌ಡಿಇ ಕಾಲೇಜಿಗೋ ಬನಹಟ್ಟಿಯ ಎಸ್‌ಟಿಸಿ ಕಾಲೇಜಿಗೋ ತಲುಪಬೇಕೆಂದರೆ ನಡುವೆ ವಿಶ್ವವಿದ್ಯಾಲಯ ಇದೆ.

ಆ ವಿಶ್ವವಿದ್ಯಾಲಯ ಈಗ ಜಮಖಂಡಿಯಲ್ಲೇ ಇದೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಿಂದ ಬೇರ್ಪಡಿಸಿ 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವನ್ನು ಇಲ್ಲಿ ಆರಂಭಿಸಿದರು. ಎರಡು ವರ್ಷ ತುಂಬುವ ಮೊದಲೇ, 2025ರಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಥವಾ ವಿಲೀನ ಮಾಡುವ ಮಾತು ಸರ್ಕಾರದಿಂದಲೇ ಬಂತು. ರಾಜಕೀಯದ ವಿಷಯ ಪಕ್ಕಕ್ಕಿರಲಿ, ವಿದ್ಯಾರ್ಥಿಗೆ ಇದರ ಪರಿಣಾಮ ನೇರ. ಜರ್ಮನಿಯವರು ಭಾರತದ ಪದವಿಯನ್ನು ಒಪ್ಪುವ ಮೊದಲು ಅನಾಬಿನ್ ಎಂಬ ತಮ್ಮ ದಾಖಲೆಯಲ್ಲಿ ಆ ವಿಶ್ವವಿದ್ಯಾಲಯದ ಹೆಸರು ಹುಡುಕುತ್ತಾರೆ. ಇವತ್ತು ಹುಟ್ಟಿ ನಾಳೆ ಇರುತ್ತದೋ ಇಲ್ಲವೋ ಎನ್ನುವ ಸಂಸ್ಥೆಯ ಹೆಸರು ಅಂಥ ಕಡೆ ಬೇಗ ಸೇರುವುದಿಲ್ಲ. ಇನ್ನೊಂದು ಗೊಂದಲ ನಾವೇ ಮಾಡಿಕೊಂಡದ್ದು. 2021ರಲ್ಲಿ ಕರ್ನಾಟಕ ನಾಲ್ಕು ವರ್ಷದ ಪದವಿ ತಂದಿತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂತು. ಇಂಗ್ಲೆಂಡಿಗೆ ಮೂರು ವರ್ಷದ ಬಿ.ಎಸ್ಸಿ. ಸಾಕು. ಅಮೆರಿಕ, ಜರ್ಮನಿಗಳ ಅನೇಕ ವಿಶ್ವವಿದ್ಯಾಲಯಗಳು ಎಂ.ಎಸ್‌ಗೆ ಅದನ್ನು ಸಾಕೆನ್ನುವುದಿಲ್ಲ. ಒಂದೇ ಮನೆಯ ಅಕ್ಕ ತಮ್ಮ ಒಂದೇ ಕಾಲೇಜಿನಲ್ಲಿ ಓದಿ, ಅಕ್ಕನಿಗೆ ತೆರೆದ ಬಾಗಿಲು ತಮ್ಮನಿಗೆ ಮುಚ್ಚಿರುವ ಸ್ಥಿತಿ. ಬಿ.ಎಸ್ಸಿ.ಗೆ ಸೇರುವ ದಿನ ಇದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ.

ಡಾಕ್ಟರಿಕೆ ಓದಲು ಹೋಗುವವರ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ನನಗೆ ಅನುಮಾನ ಕಡಿಮೆ. ಪಿಯುಸಿ ಮುಗಿದ ಹದಿನೆಂಟರ ಹುಡುಗನನ್ನು, ಇಲ್ಲಿಯ ಆಡಳಿತ ಮಂಡಳಿ ಸೀಟಿಗೆ ಕೋಟಿ ಕೊಡಲಾಗದೆ, ಇಪ್ಪತ್ತೈದೋ ಮೂವತ್ತೋ ಲಕ್ಷಕ್ಕೆ ಆರು ವರ್ಷ ಹೊರದೇಶಕ್ಕೆ ಕಳಿಸುತ್ತೇವೆ. ಬಂದ ಮೇಲೆ ಎಫ್‌ಎಂಜಿಇ ಪರೀಕ್ಷೆ ಪಾಸಾಗದೆ ಇಲ್ಲಿ ಸೂಜಿ ಚುಚ್ಚುವಂತಿಲ್ಲ. 2024ರ ಜೂನ್ ಸರದಿಯಲ್ಲಿ ಅದನ್ನು ದಾಟಿದವರು ನೂರಕ್ಕೆ 21 ಮಂದಿ. 2021ರ ನವೆಂಬರ್‌ನ ವೈದ್ಯಕೀಯ ಆಯೋಗದ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷಿನಲ್ಲಿ ನಡೆಯಬೇಕು, ಆ ದೇಶದಲ್ಲಿ ವೃತ್ತಿ ಮಾಡಲು ಅರ್ಹತೆ ಕೊಡುವಂತಿರಬೇಕು. ಕಾಲೇಜು ಇವನ್ನು ಪೂರೈಸುತ್ತದೋ ಇಲ್ಲವೋ ಎಂದು ಏಜೆಂಟನ ಬಾಯಿಂದ ಕೇಳಿ ನಂಬುವ ತಂದೆತಾಯಿ ಇನ್ನೂ ಇದ್ದಾರೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ತೀರಿಹೋದವನು ಅಲ್ಲಿ ವೈದ್ಯಕೀಯ ಓದುತ್ತಿದ್ದ ಹಾವೇರಿ ಜಿಲ್ಲೆಯ ಹುಡುಗ. ಪಿಯುಸಿಯಲ್ಲಿ ನೂರಕ್ಕೆ 97 ತೆಗೆದವನು. ಅವನನ್ನು ಅಲ್ಲಿಗೆ ಕರೆದೊಯ್ದದ್ದು ಹೊರದೇಶದ ಮೋಹವಲ್ಲ, ನಮ್ಮ ಸೀಟಿನ ಬೆಲೆ.

ಎಂಜಿನಿಯರಿಂಗ್, ವಿಜ್ಞಾನ ಓದುವವರಿಗೆ ದಾರಿಗಳು ಇಷ್ಟು ಕಠಿಣವಲ್ಲ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಖರ್ಚಿಗೆ ವರ್ಷಕ್ಕೆ 11,904 ಯೂರೋ, ಅಂದರೆ ಹನ್ನೆರಡು ಲಕ್ಷದ ಆಸುಪಾಸು, ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು. ಅದು ಫೀ ಅಲ್ಲ. ತಿಂಗಳಿಗಿಷ್ಟು ಎಂದು ವಿದ್ಯಾರ್ಥಿಗೇ ವಾಪಸು ಬರುವ ಹಣ. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್‌ನಂಥ ಯೋಜನೆಗಳು ಪದವಿ ಓದುತ್ತಿರುವವರನ್ನೇ ಹನ್ನೆರಡು ವಾರ ಅಲ್ಲಿಯ ಪ್ರಾಧ್ಯಾಪಕರ ಬಳಿ ಸಂಶೋಧನೆಗೆ ಕರೆಸಿಕೊಂಡು ಖರ್ಚನ್ನೂ ಕೊಡುತ್ತವೆ. ಅರ್ಜಿಯ ಸಮಯ ಸುಮಾರು ಒಂದು ವರ್ಷ ಮೊದಲೇ ಬರುತ್ತದೆ. ಆಗ ನಮ್ಮ ಹುಡುಗನ ಬಳಿ ಪಾಸ್‌ಪೋರ್ಟ್ ಇರುವುದಿಲ್ಲ, ಎರಡು ಸಾಲಿನ ಶಿಫಾರಸು ಪತ್ರ ಬರೆದುಕೊಡಿ ಎಂದರೆ ಪ್ರಾಧ್ಯಾಪಕರು ನೀನೇ ಬರೆದು ತಾ, ಸಹಿ ಹಾಕುತ್ತೇನೆ ಎನ್ನುತ್ತಾರೆ. ಇಲ್ಲಿಯ ಕಾಲೇಜುಗಳು ಸೋಲುತ್ತಿರುವುದು ಬುದ್ಧಿಯಲ್ಲಲ್ಲ, ಇಂಥ ಗುಮಾಸ್ತಿಕೆಯಲ್ಲಿ.

ಏನು ಓದಲು ಹೋಗಬೇಕು ಎಂಬುದಕ್ಕೆ ಊರೇ ಪಟ್ಟಿ ಕೊಡುತ್ತದೆ. ಘಟಪ್ರಭಾ, ಕೃಷ್ಣಾ ಕಾಲುವೆ ನೀರು ಹರಿದ ಕಡೆಗಳಲ್ಲಿ ನೀರು ಹೆಚ್ಚಾಗಿ, ಉಪ್ಪು ಮೇಲೆ ಬಂದು, ಸವಳು ಜವಳಾದ ಹೊಲಗಳಿವೆ. ಒಂದು ಕಾಲದಲ್ಲಿ ಭರ್ತಿ ಕಬ್ಬು ಬೆಳೆದ ಹೊಲದಲ್ಲಿ ಈಗ ಬೆಳೆಯೇ ಬರುವುದಿಲ್ಲ. ಸಮುದ್ರದಿಂದ ಹೊಲ ಕಸಿದುಕೊಂಡು ಬದುಕಿದ ನೆದರ್‌ಲ್ಯಾಂಡ್ಸಿನವರಿಗೆ ಬಸಿಗಾಲುವೆ ಶಾಸ್ತ್ರ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ವಾಗೆನಿಂಗನ್, ಡೆಲ್ಫ್ಟ್ ಸಂಸ್ಥೆಗಳ ಹೆಸರು ನಮ್ಮ ಸೀಮೆಯ ಕೃಷಿ ಪದವೀಧರನ ಬಾಯಲ್ಲಿ ಇರಬೇಕಿತ್ತು. ಸಕ್ಕರೆ ತಂತ್ರಜ್ಞಾನಕ್ಕೆ ಅಮೆರಿಕದ ಲೂಸಿಯಾನಾದಲ್ಲಿ ಆಡುಬಾನ್ ಸಂಸ್ಥೆ ಇದೆ. ಅಲ್ಲಿಗೆ ಹೋಗುವ ಮೊದಲು ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ, ಕಾನಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ ನೋಡಲಿ, ಅಲ್ಲಿ ಸಿಗದ್ದನ್ನು ಹುಡುಕಿ ಮುಂದೆ ಹೋಗಲಿ. ನೇಯ್ಗೆಗೆ ಜರ್ಮನಿಯ ಆಕನ್‌ನಲ್ಲಿ ದೊಡ್ಡ ಜವಳಿ ತಂತ್ರಜ್ಞಾನ ಸಂಸ್ಥೆ ಇದೆ. ರಬಕವಿಯ ಪಾವರ್‌ಲೂಮಿನ ಸದ್ದಿನಲ್ಲೇ ಬೆಳೆದ ಹುಡುಗಿ ಅಲ್ಲಿ ಕೂತರೆ, ಮಗ್ಗದ ಬಗ್ಗೆ ಅವಳಿಗೆ ಗೊತ್ತಿರುವ ಕೆಲವು ಸಂಗತಿ ಅಲ್ಲಿಯ ಪ್ರಾಧ್ಯಾಪಕರಿಗೂ ಹೊಸದಾದೀತು.

ಹುಡುಗಿ ಎಂದೆ. ಧಾರವಾಡದ ಹಾಸ್ಟೆಲಿಗೆ ಕಳಿಸಲು ಹಿಂದೆಮುಂದೆ ನೋಡುವ ಮನೆಗಳಲ್ಲಿ ಲಂಡನ್ ಮಾತು ಬಂದರೆ ಬರುವ ಉತ್ತರ ಒಂದೇ: “ಲಗ್ನಾ ಮಾಡಿ ಕಳಸೂಣ ತಗೊಳ್ರಿ, ಗಂಡ ಜೋಡಿಗೆ ಇರತಾನ.” 2024ರ ಜನವರಿಯಿಂದ ಇಂಗ್ಲೆಂಡ್ ಆ ದಾರಿಯನ್ನೂ ಮುಚ್ಚಿದೆ. ಸಂಶೋಧನೆಯ ಕೋರ್ಸು ಬಿಟ್ಟರೆ ಬಹುತೇಕ ವಿದ್ಯಾರ್ಥಿಗಳು ಗಂಡನನ್ನೋ ಹೆಂಡತಿಯನ್ನೋ ಜೊತೆಗೆ ಕರೆದೊಯ್ಯುವಂತಿಲ್ಲ. ಈಗ ಅವಳು ಒಬ್ಬಳೇ ಹೋಗಬೇಕು, ಇಲ್ಲವೇ ಹೋಗಬಾರದು. ಇಂಥ ಮನೆಗೆ ಮೂವತ್ತು ಲಕ್ಷದ ಒಂದು ವರ್ಷಕ್ಕಿಂತ, ಕಾಲೇಜೇ ಕಳಿಸಿ ಕಾಲೇಜೇ ಕರೆಸಿಕೊಳ್ಳುವ ಐದಾರು ತಿಂಗಳು ಒಪ್ಪಿಸುವುದು ಸುಲಭ. ಜೊತೆಗೆ ಇನ್ನೂ ನಾಲ್ವರು ಗೆಳತಿಯರು ಹೊರಟರೆ ಇನ್ನೂ ಸುಲಭ.

ಅದಕ್ಕೆ ಹಣ ಎಲ್ಲಿಂದ? ಜರ್ಮನಿಯಂಥ ದೇಶದಲ್ಲಿ ಒಂದು ಸೆಮಿಸ್ಟರಿಗೆ ಊಟ ಬಾಡಿಗೆ ಆರು ಲಕ್ಷ, ವಿಮಾನ ವೀಸಾ ಒಂದು ಲಕ್ಷ ಎಂದು ಹಿಡಿಯೋಣ. ಹತ್ತು ವಿದ್ಯಾರ್ಥಿಗಳಿಗೆ 70 ಲಕ್ಷ. ಒಂದು ಹಂಗಾಮಿಗೆ ಹತ್ತು ಲಕ್ಷ ಟನ್ ಕಬ್ಬು ಅರೆಯುವ ಕಾರ್ಖಾನೆಗೆ ಇದು ಟನ್ನಿಗೆ ಏಳು ರೂಪಾಯಿ. ನಮ್ಮ ಸುತ್ತ ಇಂಥ ಕಾರ್ಖಾನೆ ಒಂದಲ್ಲ, ಸಮೀರವಾಡಿಯಿಂದ ಹಿಪ್ಪರಗಿಯ ತನಕ ಚಿಮಣಿ ಸಾಲುಗಟ್ಟಿವೆ. ಕಂಪನಿಗಳು ಸಮಾಜಕ್ಕೆಂದು ಕಡ್ಡಾಯವಾಗಿ ಖರ್ಚು ಮಾಡುವ ಸಿಎಸ್‌ಆರ್ ಲೆಕ್ಕಕ್ಕೆ ಇದು ಸೇರುವುದಿಲ್ಲ ಎಂಬ ತಕರಾರು ಬರುತ್ತದೆ, ನಿಜ. ಕ್ರೀಡಾಪಟುಗಳ ತರಬೇತಿ ಬಿಟ್ಟರೆ ದೇಶದ ಹೊರಗಿನ ಚಟುವಟಿಕೆಗೆ ಆ ನಿಯಮದಲ್ಲಿ ಜಾಗವಿಲ್ಲ. ಹಾಗಾದರೆ ಕಡ್ಡಾಯದ ಹಣ ಬೇಡ, ಲಾಭದ ಹಣದಿಂದ ಕೊಡಲಿ. ಕಬ್ಬಿನ ದರಕ್ಕಾಗಿ ರಸ್ತೆಯ ಮೇಲೆ ಮಲಗಿದ ರೈತ, ಈ ಏಳು ರೂಪಾಯಿಯನ್ನೂ ನನ್ನ ಬಿಲ್ಲಿನಿಂದಲೇ ಮುರಿಯುತ್ತಾರೇನು ಎಂದು ಕೇಳಿಯೇ ಕೇಳುತ್ತಾನೆ. ಕೇಳಬೇಕು. ಅದು ಕಬ್ಬಿನ ಬಿಲ್ಲಿನಿಂದ ಬರಬಾರದು. ಕಾಕಂಬಿಯಿಂದ ತೆಗೆದ ಎಥನಾಲ್, ಸಿಪ್ಪೆಯಿಂದ ತೆಗೆದ ಕರೆಂಟು ಇವುಗಳ ಲೆಕ್ಕದಿಂದ ಬರಬೇಕು. ಆ ಲೆಕ್ಕದ ಪುಸ್ತಕ ಇರುವುದು ಕಾರ್ಖಾನೆಯ ಕಚೇರಿಯಲ್ಲಿ.